ಕೆಂಪು ಕೊಕ್ಕಿನ ಆ ‘ಕಾಗೆ’ ಯಾವುದು?

ಪ್ರಶ್ನೆ: ನನ್ನ ಮಗನ ಸಂಸಾರ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದೆ. ಈಸ್ಟರ್ ರಜೆಯಲ್ಲಿ, ಅಂದರೆ ಏಪ್ರಿಲ್ ಮೊದಲ ವಾರ, ಅವರ ಜೊತೆ ಕಾರ್ನ್‌ವಾಲ್‌ನ ಲಿಜರ್ಡ್ ಪಾಯಿಂಟ್‌ಗೆ ಹೋಗಿದ್ದೆ. ಸಮುದ್ರದ ಅಂಚಿನ ಬಂಡೆಗಳ ಮೇಲೆ, ಗಿಡ್ಡ ಹುಲ್ಲಿನಲ್ಲಿ ಎರಡು ಕಾಗೆಗಳು ನೆಲ ಕುಕ್ಕುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಕೊಕ್ಕೂ ಕಾಲೂ ರಕ್ತದ ಹಾಗೆ ಕೆಂಪು. ಗಾಯವಾಗಿದೆಯೋ ಏನೋ ಅಂತ ಗಾಬರಿಯಾಯಿತು. ಒಂದರ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಬಳೆ ಬೇರೆ. ಬಿಸ್ಕತ್ತು ಹಾಕಿದೆ, ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ಹಕ್ಕಿ ಕೊಕ್ಕಿನ ತುಂಬ ಕುರಿಯ ಉಣ್ಣೆ ಕಚ್ಚಿಕೊಂಡು ಕೆಳಗಿನ ಬಂಡೆಯ ಬಿರುಕಿನೊಳಗೆ ಹೋಯಿತು. ಮಗ ‘ಅದು ಜ್ಯಾಕ್‌ಡಾ, ಇಲ್ಲಿ ಎಲ್ಲೆಲ್ಲೂ ಇದೆ’ ಅಂತಾನೆ. ಏಳು ವರ್ಷದ ಮೊಮ್ಮಗಳು ಚಿತ್ರದ ಪುಸ್ತಕ ತೋರಿಸಿ ‘ಆಯ್ಸ್ಟರ್‌ಕ್ಯಾಚರ್’ ಅಂತಾಳೆ. ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು ಅದು ಆರ್ಥರ್ ರಾಜನ ಆತ್ಮ ಅಂದರು. ಮೂರು ಫೋಟೊ ಕಳಿಸಿದ್ದೇನೆ. ಯಾರು ಹೇಳಿದ್ದು ಸರಿ? ಕಾಲಿನ ಪ್ಲಾಸ್ಟಿಕ್ ತೆಗೆಸಲು ಯಾರಿಗೆ ಹೇಳಬೇಕು? ಮೇ ಕೊನೆಗೆ ಮತ್ತೆ ಹೋಗುವ ಯೋಚನೆ ಇದೆ. ಡ್ರೋನ್ ಬಿಟ್ಟು ಗೂಡಿನಲ್ಲಿರುವ ಮರಿ ನೋಡೋಣ ಅಂತಾನೆ ಮಗ. ತಪ್ಪೇನಿಲ್ಲ ಅಲ್ವಾ?

ಉತ್ತರ: ಮೊದಲು ಗಾಬರಿಯ ವಿಷಯ ಮುಗಿಸಿಬಿಡೋಣ. ಆ ಹಕ್ಕಿಗಳಿಗೆ ಗಾಯ ಆಗಿಲ್ಲ, ರೋಗವೂ ಇಲ್ಲ. ಕೆಂಪು ಅವುಗಳ ಹುಟ್ಟುಗುಣ. ನೀವು ನೋಡಿದ್ದು ಚಫ್. ಪೂರ್ತಿ ಹೆಸರು ರೆಡ್-ಬಿಲ್ಡ್ ಚಫ್. ಕಾರ್ನ್‌ವಾಲ್‌ಗೆ ಬರೀ ಈ ಹಕ್ಕಿ ನೋಡುವುದಕ್ಕೆ ಅಂತಲೇ ದೂರದಿಂದ ಬಂದು, ಮಳೆಯಲ್ಲಿ ನೆನೆದು, ಬರಿಗೈಯಲ್ಲಿ ವಾಪಸ್ ಹೋಗುವವರಿದ್ದಾರೆ. ನಿಮಗೆ ಜೋಡಿಯೇ ಸಿಕ್ಕಿದೆ, ಅದೂ ಗೂಡು ಕಟ್ಟುವಾಗ.

ಅದು ಕಾಗೆಯೇ? ಕುಟುಂಬ ಕಾಗೆಯದೇ. ಆದರೆ ಒಡಹುಟ್ಟಿದ್ದಲ್ಲ, ದಾಯಾದಿ. ಊರಕಾಗೆ, ಕಾಡುಕಾಗೆ, ರೇವನ್ ಎಂಬ ದೊಡ್ಡ ಕಾಗೆ ಎಲ್ಲ ಒಂದೇ ಕುಲಕ್ಕೆ ಸೇರಿದವು. ಚಫ್‌ಗಳದ್ದು ಬೇರೆ ಕುಲ. ಇಡೀ ಜಗತ್ತಿನಲ್ಲಿ ಆ ಕುಲದಲ್ಲಿರುವುದು ಎರಡೇ ಜಾತಿ. ಒಂದು ನೀವು ನೋಡಿದ ಕೆಂಪು ಕೊಕ್ಕಿನದು. ಇನ್ನೊಂದು ಹಳದಿ ಕೊಕ್ಕಿನ ಆಲ್ಪೈನ್ ಚಫ್. ಕುಲದ ವೈಜ್ಞಾನಿಕ ಹೆಸರು ಪಿರ್ರೊಕೊರಾಕ್ಸ್. ಗ್ರೀಕ್ ಭಾಷೆಯಲ್ಲಿ ‘ಬೆಂಕಿ ಬಣ್ಣದ ರೇವನ್’ ಎಂದಂತೆ. ಅಳತೆಯಲ್ಲಿ ಊರಕಾಗೆಯಷ್ಟೇ, ಸುಮಾರು 40 ಸೆಂಟಿಮೀಟರ್. ತೂಕ 300 ಗ್ರಾಂ ಆಸುಪಾಸು.

ಈಗ ನಿಮ್ಮ ಫೋಟೊಗಳಿಗೆ ಬರೋಣ. ಇಲ್ಲೊಂದು ತಮಾಷೆ ಇದೆ. ಮೊದಲನೆಯದೂ ಎರಡನೆಯದೂ ಚಫ್, ಅನುಮಾನವೇ ಬೇಡ. ಮೂರನೆಯದು ಮಾತ್ರ ಚಫ್ ಅಲ್ಲ! ಕಾರ್ ಪಾರ್ಕಿನ ಗೋಡೆಯ ಮೇಲೆ ಕೂತು ಯಾರದೋ ಚಿಪ್ಸ್ ಪೊಟ್ಟಣದ ಮೇಲೆ ಕಣ್ಣಿಟ್ಟಿದೆಯಲ್ಲ, ಅದು ಜ್ಯಾಕ್‌ಡಾ, ಕಾಗೆ ಕುಟುಂಬದ್ದೇ ಚಿಕ್ಕ ಹಕ್ಕಿ. ಫೋಟೊವನ್ನು ದೊಡ್ಡದು ಮಾಡಿ ಅದರ ಕಣ್ಣು ನೋಡಿ. ಬೆಳ್ಳಿ ಗುಂಡಿನ ಹಾಗೆ ಬಿಳಿಚಿಕೊಂಡಿದೆ. ಕತ್ತಿನ ಹಿಂದೆ ಬೂದಿ ಬಳಿದ ಹಾಗೆ ಬಣ್ಣ. ಕೊಕ್ಕು ಮೊಂಡು, ಕಪ್ಪು. ಎರಡನೇ ಫೋಟೊದ ಹಕ್ಕಿಗೆ ಕಣ್ಣೂ ಕಪ್ಪು, ಕತ್ತೂ ಕಪ್ಪು. ಬಿಸಿಲು ಬಿದ್ದ ಕಡೆ ರೆಕ್ಕೆಯಲ್ಲಿ ನೀಲಿ ಹಸಿರು ಮಿಂಚು. ಕೊಕ್ಕು ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದೆ. ಹಾಗಾಗಿ ನಿಮ್ಮ ಮಗ ಪೂರ್ತಿ ತಪ್ಪಲ್ಲ. ಅವರು ನೋಡಿದ್ದು ಜ್ಯಾಕ್‌ಡಾ, ನೀವು ನೋಡಿದ್ದು ಚಫ್. ಎರಡೂ ಒಂದೇ ಬಂಡೆಯಲ್ಲಿ, ಒಂದೇ ಹುಲ್ಲಿನಲ್ಲಿ ಓಡಾಡಿಕೊಂಡಿರುತ್ತವೆ. ಎಷ್ಟೋ ಸಲ ಜ್ಯಾಕ್‌ಡಾ ಗುಂಪಿನ ನಡುವೆಯೇ ಚಫ್ ಇರುತ್ತದೆ. ಮನೆಮನೆಗಳಲ್ಲಿ ಇಂಥ ಜಗಳ ಆಗುವುದು ಅದಕ್ಕೇ.

ಮೊಮ್ಮಗಳ ಉತ್ತರ ತಪ್ಪು. ಆದರೆ ಒಳ್ಳೆಯ ತಪ್ಪು. ಆಯ್ಸ್ಟರ್‌ಕ್ಯಾಚರ್‌ಗೂ ಕೆಂಪು ಕೊಕ್ಕು, ಅದೂ ಅದೇ ಕಡಲಂಚಿನ ಹಕ್ಕಿ. ಏಳು ವರ್ಷದ ಹುಡುಗಿ ಕೊಕ್ಕಿನ ಬಣ್ಣ ಗಮನಿಸಿ ಪುಸ್ತಕ ಹುಡುಕಿದಳಲ್ಲ, ಅದೇ ಸರಿಯಾದ ಕ್ರಮ. ಮುಂದಿನ ಸಲ ಎರಡು ವಿಷಯ ನೋಡಲು ಹೇಳಿ. ಆಯ್ಸ್ಟರ್‌ಕ್ಯಾಚರ್‌ನ ಕೊಕ್ಕು ಕ್ಯಾರೆಟ್ಟಿನ ಬಣ್ಣ, ನೆಟ್ಟಗೆ ಕಡ್ಡಿಯ ಹಾಗೆ. ಹೊಟ್ಟೆ ಬಿಳಿ, ಹಾರಿದಾಗ ರೆಕ್ಕೆಯಲ್ಲಿ ಅಗಲವಾದ ಬಿಳಿ ಪಟ್ಟಿ. ಚಫ್‌ನ ಮೈಮೇಲೆ ಹುಡುಕಿದರೂ ಒಂದು ಬಿಳಿ ಗರಿ ಸಿಗುವುದಿಲ್ಲ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಮೊದಲ ಸಲ ವೇಲ್ಸ್‌ನ ಪೆಂಬ್ರೋಕ್‌ಶೈರ್ ಕರಾವಳಿಗೆ ಚಫ್ ನೋಡಲು ಹೋದಾಗ ಎರಡು ದಿನ ಒಂದೂ ಕಾಣಲಿಲ್ಲ. ಬೈನಾಕ್ಯುಲರ್ ಹಿಡಿದು ಕೆಂಪು ಎಲ್ಲಿ, ಕೆಂಪು ಎಲ್ಲಿ ಅಂತ ಹುಡುಕಿದ್ದೇ ಹುಡುಕಿದ್ದು. ಮೂರನೇ ದಿನ ಬೆಳಿಗ್ಗೆ ಜೊತೆಗೆ ಬಂದ ಸ್ಥಳೀಯ ಕಾರ್ಯಕರ್ತರು ತಲೆ ಎತ್ತದೆಯೇ ‘ಎರಡು ಚಫ್ ಹೋದವು’ ಅಂದರು. ಅವರು ನೋಡಿರಲೇ ಇಲ್ಲ, ಬರೀ ಕೇಳಿದ್ದರು. ಹಿಂದಿನ ಎರಡು ದಿನವೂ ನನ್ನ ತಲೆಯ ಮೇಲೆ ಆ ಕೂಗು ಹಾದುಹೋಗಿತ್ತು. ಆಕಾಶದ ಬೆಳಕಿಗೆ ಎದುರಾಗಿ ಹಾರುವ ಹಕ್ಕಿಯ ಕೊಕ್ಕು ಕೆಂಪಾದರೇನು, ಹಸಿರಾದರೇನು, ಎಲ್ಲ ಕಪ್ಪಾಗೇ ಕಾಣುತ್ತದೆ. ಮೋಡ ಕವಿದ ದಿನ ನೂರು ಮೀಟರ್ ದೂರದ ಹುಲ್ಲಿನಲ್ಲಿದ್ದರೂ ಅಷ್ಟೇ. ಬಣ್ಣವನ್ನೇ ನಂಬಿ ಕೂತರೆ ಚಫ್ ತಪ್ಪಿಹೋಗುತ್ತದೆ.

ಹಾಗಾದರೆ ಏನು ನೋಡಬೇಕು? ಮೊದಲು ಕಿವಿ ಕೊಡಿ. ಜ್ಯಾಕ್‌ಡಾ ‘ಚ್ಯಾಕ್’ ಅಂತ ತುಂಡು ತುಂಡಾಗಿ ಕೂಗುತ್ತದೆ. ಚಫ್‌ನದು ‘ಚಿ-ಯ್ಯಾವ್’, ಎಳೆದು, ಮೇಲಿಂದ ಕೆಳಗೆ ಜಾರಿಬಿಟ್ಟ ಹಾಗೆ. ಹೆಸರು ಬಂದಿರುವುದೂ ಕೂಗಿನಿಂದಲೇ. ಹಿಂದೆ ಆ ಹೆಸರನ್ನು ‘ಚೌ’ ಎನ್ನುವ ಹಾಗೆ ಉಚ್ಚರಿಸುತ್ತಿದ್ದರಂತೆ. ಮಜಾ ಏನು ಗೊತ್ತಾ, ಮೊದಲು ಅದು ಜ್ಯಾಕ್‌ಡಾಗೆ ಇದ್ದ ಹೆಸರು. ಕಾರ್ನ್‌ವಾಲ್‌ನ ಕೆಂಪು ಕೊಕ್ಕಿನದನ್ನು ‘ಕಾರ್ನಿಷ್ ಚಫ್’ ಎಂದು ಬೇರೆ ಮಾಡಿ ಕರೆಯುತ್ತ ಕರೆಯುತ್ತ ಕೊನೆಗೆ ಹೆಸರು ಪೂರ್ತಿ ಇದಕ್ಕೇ ಬಂತು. ನಿಮ್ಮ ಮನೆಯ ಜಗಳ ಅಷ್ಟು ಹಳೆಯದು.

ಕೂಗು ಕೇಳಿದ ಮೇಲೆ ರೆಕ್ಕೆ ನೋಡಿ. ನಿಮ್ಮ ಮೊದಲ ಫೋಟೊ ಮಸುಕಾಗಿದ್ದರೂ ನನಗೆ ಬಹಳ ಇಷ್ಟವಾಗಿದ್ದು ಅದಕ್ಕೇ. ರೆಕ್ಕೆ ಅಗಲ, ಚೌಕ, ಬಾಗಿಲ ಹಲಗೆಯ ಹಾಗೆ. ತುದಿಯ ಗರಿಗಳು ಬೆರಳು ಅಗಲಿಸಿದ ಹಾಗೆ ಬಿಡಿಬಿಡಿ. ಜ್ಯಾಕ್‌ಡಾ ರೆಕ್ಕೆಯನ್ನು ಅವಸರದಲ್ಲಿ ಬಡಿಯುತ್ತ, ಕೆಲಸಕ್ಕೆ ತಡವಾದವರ ಹಾಗೆ ನೆಟ್ಟಗೆ ಹೋಗುತ್ತದೆ. ಚಫ್‌ಗೆ ಅಂಥ ಅವಸರವಿಲ್ಲ. ಬಂಡೆಗೆ ಬಡಿದು ಮೇಲೇಳುವ ಗಾಳಿಯಲ್ಲಿ ತೇಲಿ, ರೆಕ್ಕೆ ಮಡಚಿ ಕಲ್ಲಿನ ಹಾಗೆ ಕೆಳಗೆ ಬಿದ್ದು, ಮತ್ತೆ ಪಟ್ಟನೆ ರೆಕ್ಕೆ ಬಿಚ್ಚಿ ಮೇಲಕ್ಕೆ ಚಿಮ್ಮುತ್ತದೆ. ಸುಮ್ನೆ ಆಟಕ್ಕೆ ಮಾಡುತ್ತದೆ ಅಂತ ಹೇಳಿದರೆ ವಿಜ್ಞಾನಿ ಗೆಳೆಯರು ನನ್ನನ್ನು ಬೈಯಬಹುದು. ಆದರೆ ನೋಡಿದವರಿಗೆ ಬೇರೆ ಏನೂ ಅನಿಸುವುದಿಲ್ಲ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಹಕ್ಕಿಯನ್ನು ಬಿಟ್ಟು ಅದರ ಕಾಲ ಕೆಳಗಿನ ಹುಲ್ಲು ನೋಡಿ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಚಫ್ ಊಟ ಹುಡುಕುವುದು ದನ, ಕುರಿ, ಕುದುರೆ ಮೇಯ್ದು ನೆಲಕ್ಕೆ ಅಂಟಿದ ಹುಲ್ಲಿನಲ್ಲಿ. ಎರಡು ಮೂರು ಸೆಂಟಿಮೀಟರ್ ಎತ್ತರದ ಹುಲ್ಲಾದರೆ ಅದಕ್ಕೆ ಹಬ್ಬ. ಆ ಹುಲ್ಲಿನ ಬೇರಿನಲ್ಲಿ ಕ್ರೇನ್ ಫ್ಲೈ ಎಂಬ ಉದ್ದ ಕಾಲಿನ ನೊಣದ ಹುಳುಗಳು, ಜೀರುಂಡೆ, ಇರುವೆ ಇರುತ್ತವೆ. ಬಾಗಿದ ಕೊಕ್ಕು ಇರುವುದು ಅವನ್ನು ಕೆದಕಿ ತೆಗೆಯುವುದಕ್ಕೆ. ನೆಲಕ್ಕೆ ಕೊಕ್ಕು ಚುಚ್ಚಿ, ಒಂದು ಸಲ ಅಲುಗಿಸಿ, ಮಣ್ಣನ್ನು ಪಕ್ಕಕ್ಕೆ ಎಸೆದು, ಒಳಗಿಂದ ಹುಳ ಎಳೆಯುತ್ತದೆ. ಗದ್ದೆಯಲ್ಲಿ ಕಳೆ ತೆಗೆಯುವವರ ಹಾಗೆ ಒಂದೇ ಸಮನೆ ಮುಂದೆ ಮುಂದೆ ಹೋಗುತ್ತಿರುತ್ತದೆ. ಕಾರ್ನಿಷ್ ಭಾಷೆಯಲ್ಲಿ ಈ ಹಕ್ಕಿಯ ಹೆಸರು ‘ಪಲೋರೆಸ್’, ಅಂದರೆ ಅಗೆಯುವವಳು. ವೆಲ್ಷ್ ಜನ ‘ಕೆಂಪು ಕಾಲಿನ ಕಾಗೆ’ ಅಂತ ಕಾಲು ನೋಡಿ ಹೆಸರಿಟ್ಟರು. ಕಾರ್ನ್‌ವಾಲ್‌ನವರು ಕೆಲಸ ನೋಡಿ ಇಟ್ಟರು. ನನ್ನ ಓಟು ಕಾರ್ನ್‌ವಾಲ್‌ನವರಿಗೆ.

ನಿಮ್ಮ ಬಿಸ್ಕತ್ತು ಯಾಕೆ ಬೇಡವಾಯಿತು ಅಂತ ಈಗ ಗೊತ್ತಾಯಿತಲ್ಲ. ಜ್ಯಾಕ್‌ಡಾ ಆಗಿದ್ದರೆ ನಿಮ್ಮ ಚೀಲಕ್ಕೇ ಕೈ ಹಾಕುತ್ತಿತ್ತು. ಬೇಸರ ಮಾಡಿಕೊಳ್ಳಬೇಡಿ, ಆದರೆ ಇನ್ನು ಮುಂದೆ ಹಾಕಲೂಬೇಡಿ. ಹಾಕಿದ ತಿಂಡಿಗೆ ಸೀಗಲ್‌ಗಳೂ ರೇವನ್‌ಗಳೂ ಬರುತ್ತವೆ. ಗೂಡಿನ ಹತ್ತಿರ ಅವುಗಳನ್ನು ಕರೆದು ಕೂರಿಸಿದಂತೆ ಆಗುತ್ತದೆ. ಸ್ಕಾಟ್ಲೆಂಡಿನ ಐಲೇ ದ್ವೀಪದಲ್ಲಿ ಎಳೆಯ ಚಫ್‌ಗಳು ಮೊದಲ ಚಳಿಗಾಲ ದಾಟುವುದೇ ಕಷ್ಟವಾದಾಗ ಸಂಶೋಧಕರು ಹುಳು ಹಾಕಿ ನೋಡಿಕೊಂಡದ್ದುಂಟು. ಅದು ಲೆಕ್ಕ ಇಟ್ಟು, ತಜ್ಞರು ನಿಂತು ಮಾಡುವ ಕೆಲಸ. ನಮ್ಮ ಬಿಸ್ಕತ್ತಿನ ಕೆಲಸ ಅಲ್ಲ.

ಇದು ಕಡಲ ಹಕ್ಕಿ, ಮೀನು ತಿನ್ನುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಅದೂ ನಿಜವಲ್ಲ. ಕಡಲಂಚಿನಲ್ಲಿದ್ದರೂ ಸಮುದ್ರದಿಂದ ಅದಕ್ಕೆ ಸಿಗುವ ಊಟ ತೀರಾ ಕಡಿಮೆ. ಅದಕ್ಕೆ ಬೇಕಾಗಿರುವುದು ಎರಡು. ಗೂಡಿಗೆ ಕಡಿದಾದ ಬಂಡೆಯ ಬಿರುಕು, ಊಟಕ್ಕೆ ಪಕ್ಕದಲ್ಲೇ ಗಿಡ್ಡ ಹುಲ್ಲು. ಬ್ರಿಟನ್, ಐರ್ಲೆಂಡ್‌ಗಳಲ್ಲಿ ಈ ಎರಡೂ ಒಟ್ಟಿಗೆ ಸಿಗುವುದು ಹೆಚ್ಚಾಗಿ ಪಶ್ಚಿಮದ ಕರಾವಳಿಯಲ್ಲಿ. ಅಲ್ಲಿ ಚಳಿಗಾಲವೂ ಮೆತ್ತಗೆ. ನೆಲ ಹೆಪ್ಪುಗಟ್ಟಿದರೆ ಕೊಕ್ಕು ಇಳಿಯುವುದಿಲ್ಲ ನೋಡಿ. ಬೇರೆ ದೇಶಗಳಲ್ಲಿ ಇದೇ ಹಕ್ಕಿ ಪಕ್ಕಾ ಬೆಟ್ಟದ ಹಕ್ಕಿ. ಸ್ಪೇನ್, ಇಥಿಯೋಪಿಯಾ, ಮಂಗೋಲಿಯಾ, ಟಿಬೆಟ್ ಎಲ್ಲ ಕಡೆ ಇದೆ. ಲಡಾಖ್, ಸ್ಪಿತಿ ಕಡೆಗೆ ಹೋಗಿದ್ದರೆ ಅಲ್ಲಿನ ಹೊಲಗಳಲ್ಲಿ ನೀವೂ ನೋಡಿರಬಹುದು, ಕಾಗೆ ಅಂದುಕೊಂಡು ಮುಂದೆ ಹೋಗಿರಬಹುದು. ಅಲ್ಲಿ ಹಳದಿ ಕೊಕ್ಕಿನ ಆಲ್ಪೈನ್ ಚಫ್ ಕೂಡ ಜೊತೆಗಿರುತ್ತದೆ.

ಈ ಹಳದಿ ಕೊಕ್ಕಿನ ಮಾತು ಬಂದಿದ್ದು ಒಳ್ಳೆಯದಾಯಿತು. ಜೂನ್‌ನಲ್ಲಿ ಗೂಡು ಬಿಟ್ಟ ಚಫ್ ಮರಿಯ ಕೊಕ್ಕು ಕೆಂಪಗಿರುವುದಿಲ್ಲ. ಕಿತ್ತಳೆಯೋ ಹಳದಿಯೋ ಹೇಳಲಾಗದ ಮಂಕು ಬಣ್ಣ, ಉದ್ದವೂ ಕಡಿಮೆ. ಪ್ರತಿ ವರ್ಷ ಯಾರಾದರೂ ಒಬ್ಬರು ‘ಕಾರ್ನ್‌ವಾಲ್‌ನಲ್ಲಿ ಆಲ್ಪೈನ್ ಚಫ್ ಕಂಡೆ’ ಅಂತ ಬರೆದೇ ಬರೆಯುತ್ತಾರೆ. ಇಂಗ್ಲೆಂಡಿನ ಕಡಲ ಬಂಡೆ ಆಲ್ಪೈನ್ ಚಫ್‌ನ ಜಾಗವೇ ಅಲ್ಲ. ಅವರು ನೋಡಿರುವುದು ಅಪ್ಪ ಅಮ್ಮನ ಹಿಂದೆ ಊಟ ಕೇಳಿಕೊಂಡು ಓಡುವ ಎಳೆ ಮರಿ. ಕೆಲವು ತಿಂಗಳಲ್ಲಿ ಅದರ ಕೊಕ್ಕಿಗೂ ಕೆಂಪು ಬರುತ್ತದೆ.

ಬ್ರಿಟನ್‌ನ ದಂತಕತೆಗಳಲ್ಲಿ ಬರುವ ಆರ್ಥರ್ ರಾಜನ ಕತೆ ಹೇಳಿದ ಹಿರಿಯರು ಸುಳ್ಳು ಹೇಳಲಿಲ್ಲ. ಅದು ಕಾರ್ನ್‌ವಾಲ್‌ನ ಹಳೆಯ ನಂಬಿಕೆ. ಆರ್ಥರ್ ಸಾಯಲಿಲ್ಲ, ಚಫ್ ಆಗಿ ಹಾರಿಹೋದ, ಕೊಕ್ಕು ಕಾಲಿನ ಕೆಂಪು ಕೊನೆಯ ಯುದ್ಧದ ರಕ್ತ ಅಂತಾರೆ. ಹಾಗಾಗಿ ಚಫ್ ಕೊಂದರೆ ಕೇಡು ಅಂತಲೂ ಇತ್ತು. ಕಾರ್ನ್‌ವಾಲ್‌ನ ಲಾಂಛನದಲ್ಲಿ ಒಬ್ಬ ಮೀನುಗಾರ, ಒಬ್ಬ ಗಣಿ ಕೆಲಸದವನ ನಡುವೆ, ಎಲ್ಲಕ್ಕಿಂತ ಮೇಲೆ ಕೂತಿರುವುದು ಚಫ್. ಇಷ್ಟೆಲ್ಲ ಗೌರವದ ಜೊತೆಗೆ ಕೆಟ್ಟ ಹೆಸರೂ ಇತ್ತು. ಉರಿಯುವ ಕಡ್ಡಿ ಕಚ್ಚಿಕೊಂಡು ಹೋಗಿ ಹುಲ್ಲಿನ ಮಾಡಿಗೆ ಬೆಂಕಿ ಇಡುತ್ತದೆ, ಚಿಲ್ಲರೆ ಕಾಸು ಕದಿಯುತ್ತದೆ ಅಂತ ನಾನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಬೆಂಕಿ ಬಣ್ಣದ ಕೊಕ್ಕು ನೋಡಿ ಹುಟ್ಟಿದ ಮಾತು ಇರಬೇಕು. ನನ್ನ ಇಷ್ಟು ವರ್ಷದಲ್ಲಿ ಚಫ್ ಕೊಕ್ಕಿನಲ್ಲಿ ಹುಳ, ಉಣ್ಣೆ, ಕಡ್ಡಿ ಬಿಟ್ಟು ಬೇರೇನೂ ಕಂಡಿಲ್ಲ.

ಕೇಡು ಅಂತ ನಂಬಿದ್ದ ಜನರ ನಡುವೆಯೇ ಈ ಹಕ್ಕಿ ಕಾರ್ನ್‌ವಾಲ್‌ನಿಂದ ಪೂರ್ತಿ ಮಾಯವಾಗಿತ್ತು. ಸ್ವಲ್ಪ ಮಟ್ಟಿಗೆ ಗುಂಡು, ಬಲೆ, ಪಂಜರ ಕಾರಣ. ಅಪರೂಪವಾದಷ್ಟೂ ಮೊಟ್ಟೆ ಕದ್ದು ಪೆಟ್ಟಿಗೆಯಲ್ಲಿ ಜೋಡಿಸುವವರ ಚಟ ಜಾಸ್ತಿಯಾಯಿತು. ಆದರೆ ದೊಡ್ಡ ಪೆಟ್ಟು ಕೊಟ್ಟಿದ್ದು ಹುಲ್ಲು. ರೈತರು ದನ, ಕುದುರೆಗಳನ್ನು ಕಡಲ ಬಂಡೆಗಳ ಮೇಲೆ ಮೇಯಿಸುವುದನ್ನು ಬಿಟ್ಟು ಒಳಗಿನ ಒಳ್ಳೆಯ ಹೊಲಗಳಿಗೆ ಕರೆದುಕೊಂಡು ಹೋದರು. ಮೇಯುವ ಬಾಯಿ ಇಲ್ಲದೆ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಅದರ ಮೇಲೆ ಮುಳ್ಳುಪೊದೆ, ಜರೀಗಿಡ ಹಬ್ಬಿತು. ಹುಳ ನೆಲದಲ್ಲೇ ಇತ್ತು, ಕೊಕ್ಕಿಗೆ ಎಟುಕಲಿಲ್ಲ. ಕಾರ್ನ್‌ವಾಲ್‌ನಲ್ಲಿ ಚಫ್ ಕೊನೆಯ ಸಲ ಮರಿ ಮಾಡಿದ್ದು 1947ರಲ್ಲಿ. ಅದಾದ ಮೇಲೂ ಒಂದು ಜೋಡಿ ಉಳಿದಿತ್ತು. 1967ರಲ್ಲಿ ಅದರಲ್ಲೊಂದು ಸತ್ತಿತು. ಇನ್ನೊಂದು ಅದೇ ಬಂಡೆಗಳ ಮೇಲೆ ಒಂಟಿಯಾಗಿ ಆರು ವರ್ಷ ಓಡಾಡಿಕೊಂಡಿತ್ತು. 1973ರ ನಂತರ ಅದೂ ಕಾಣಲಿಲ್ಲ. ಲಾಂಛನದಲ್ಲಿ ಹಕ್ಕಿ ಉಳಿಯಿತು, ಬಂಡೆ ಖಾಲಿಯಾಯಿತು.

2001ರ ವಸಂತದಲ್ಲಿ ಮೂರು ಚಫ್‌ಗಳು ತಾವಾಗಿ ಹಾರಿಬಂದು ಲಿಜರ್ಡ್‌ನಲ್ಲಿ ಇಳಿದವು. ಬ್ರಿಟನ್‌ನಲ್ಲಿ ದನಗಳಿಗೆ ಕಾಲುಬಾಯಿ ಜ್ವರ ಬಂದು ಕಾಲುದಾರಿಗಳನ್ನೆಲ್ಲ ಮುಚ್ಚಿದ್ದ ವರ್ಷ ಅದು. ಯಾರೂ ತಂದು ಬಿಟ್ಟಿದ್ದಲ್ಲ. ಐರ್ಲೆಂಡಿನಿಂದ ಬಂದಿರಬೇಕು ಅಂತ ಡಿಎನ್ಎ ನೋಡಿ ಹೇಳಿದರು. ಅಷ್ಟು ಹೊತ್ತಿಗೆ ಕೆಲವು ಬಂಡೆಗಳ ಮೇಲೆ ಮತ್ತೆ ದನ, ಕುದುರೆ ಬಿಟ್ಟು ಹುಲ್ಲು ತಗ್ಗಿಸುವ ಕೆಲಸ ಶುರುವಾಗಿತ್ತು. ಮರುವರ್ಷ, 2002ರಲ್ಲಿ, ಆ ಮೂರರಲ್ಲಿ ಎರಡು ಜೋಡಿಯಾಗಿ ಮೂರು ಮರಿ ಬೆಳೆಸಿದವು. ಮೊಟ್ಟೆ ಕಳ್ಳರ ಭಯಕ್ಕೆ ಸ್ವಯಂಸೇವಕರು ಪಾಳಿ ಹಾಕಿಕೊಂಡು ಹಗಲು ರಾತ್ರಿ ಆ ಗೂಡು ಕಾದರು. ಈಗ ಕಾರ್ನ್‌ವಾಲ್‌ನಲ್ಲಿ ನೂರಕ್ಕೂ ಮೇಲೆ ಚಫ್‌ಗಳಿವೆ. ಡೋವರ್ ಕಡೆ, ಕೆಂಟ್‌ನಲ್ಲಿ, 2022ರಿಂದ ಸಾಕಿ ಬೆಳೆಸಿದ ಚಫ್‌ಗಳನ್ನು ಬಿಡುತ್ತಿದ್ದಾರೆ. ಅದು ಬೇರೆ ಕತೆ. ಲಿಜರ್ಡ್‌ನವು ಮಾತ್ರ ಸ್ವಂತ ರೆಕ್ಕೆಯಲ್ಲಿ ಬಂದವರ ಸಂತಾನ.

ಇನ್ನು ಕಾಲಿನ ಬಳೆ. ದಯವಿಟ್ಟು ಯಾರಿಂದಲೂ ತೆಗೆಸಬೇಡಿ. ಅದು ಕಸ ಅಲ್ಲ, ಹಕ್ಕಿಯ ಗುರುತಿನ ಚೀಟಿ. ಮರಿಗಳು ಗೂಡಿನಲ್ಲಿರುವಾಗಲೇ, ಕಾಲು ಬಲಿತ ಮೇಲೆ, ಲೈಸೆನ್ಸ್ ಇರುವವರು ಹಾಕುತ್ತಾರೆ. ಒಂದು ಲೋಹದ ಬಳೆ, ಅದರ ಮೇಲೆ ನಂಬರ್. ಜೊತೆಗೆ ಹಗುರವಾದ ಬಣ್ಣದ ಬಳೆಗಳು. ಬಣ್ಣದ ಜೋಡಣೆ ಒಂದೊಂದು ಹಕ್ಕಿಗೆ ಒಂದೊಂದು ಥರ, ಹಿಡಿಯದೆಯೇ ದೂರದಿಂದ ಓದಲಿ ಅಂತ. ಸರಿಯಾದ ಅಳತೆಯ ಬಳೆ ಹಕ್ಕಿಯ ನಡಿಗೆಗೂ ಹಾರಾಟಕ್ಕೂ ಅಡ್ಡಿ ಮಾಡುವುದಿಲ್ಲ. ನಿಮ್ಮ ಫೋಟೊದಲ್ಲೂ ಆ ಹಕ್ಕಿ ಎರಡು ಕಾಲಿನ ಮೇಲೂ ಸಮನಾಗಿ ಭಾರ ಹಾಕಿ ನಿಂತಿದೆ. ಹಕ್ಕಿ ಕುಂಟುತ್ತಿದ್ದರೆ, ದಾರವೋ ಮೀನಿನ ಬಲೆಯ ಎಳೆಯೋ ಸುತ್ತಿಕೊಂಡಿದ್ದರೆ ಮಾತು ಬೇರೆ. ಆಗಲೂ ಹಿಡಿಯಲು ಹೋಗಬೇಡಿ. ಬಂಡೆಯ ಅಂಚಿನಲ್ಲಿ ಹಕ್ಕಿಗಿಂತ ಮೊದಲು ನೀವು ಬೀಳುತ್ತೀರಿ. ಫೋಟೊ ತೆಗೆದು, ಜಾಗ ಗುರುತಿಟ್ಟುಕೊಂಡು, ಬ್ರಿಟನ್‌ನ ಪ್ರಾಣಿ ರಕ್ಷಣಾ ಸಂಸ್ಥೆ ಆರ್‌ಎಸ್‌ಪಿಸಿಎಗೆ ತಿಳಿಸಿ.

ಬಳೆ ಓದುವುದಕ್ಕೆ ಒಂದು ಕ್ರಮ ಇದೆ. ಮೊದಲು ಎಡಗಾಲು, ಆಮೇಲೆ ಬಲಗಾಲು. ಎರಡರಲ್ಲೂ ಮೇಲಿನಿಂದ ಕೆಳಗೆ. ಎಡ ಅಂದರೆ ಹಕ್ಕಿಯ ಎಡ, ನಿಮ್ಮದಲ್ಲ. ಹಕ್ಕಿ ನಿಮಗೆ ಎದುರಾಗಿ ನಿಂತಾಗ ಎಲ್ಲರೂ ಎಡವುವುದು ಇಲ್ಲೇ. ಓದಿದ್ದನ್ನು ದಿನಾಂಕ, ಜಾಗದ ಜೊತೆ ಹಕ್ಕಿಗಳ ಅಧ್ಯಯನ ಮಾಡುವ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿಗೋ, ಕಾರ್ನ್‌ವಾಲ್‌ನಲ್ಲಿ ಚಫ್ ನೋಡಿಕೊಳ್ಳುವ ಸ್ಥಳೀಯ ತಂಡಕ್ಕೋ ಕಳಿಸಬಹುದು. ಯಾವ ಮರಿ ಮೊದಲ ಚಳಿಗಾಲ ದಾಟಿತು, ಯಾವುದು ಯಾವ ಬಂಡೆಗೆ ಹೋಗಿ ಸಂಸಾರ ಹೂಡಿತು ಅಂತ ತಿಳಿಯುವುದು ನಿಮ್ಮಂಥ ದಾರಿಹೋಕರು ಕಳಿಸಿದ ಇಂಥ ಮಾಹಿತಿಯಿಂದಲೂ. ಗೂಡಿನ ಜಾಗ ಮಾತ್ರ ತಂಡಕ್ಕಷ್ಟೇ ಹೇಳಿ. ಫೇಸ್‌ಬುಕ್‌ನಲ್ಲಿ ಹಾಕಬೇಡಿ. ಫೋಟೊದ ಜೊತೆ ಜಾಗದ ವಿವರ ತಾನಾಗಿ ಹೋಗುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಕೊನೆಗೆ ಮೇ ತಿಂಗಳ ಪ್ರವಾಸ. ಡ್ರೋನ್ ಬೇಡ. ನಯವಾಗಿ ಹೇಳಿ ಪ್ರಯೋಜನ ಇಲ್ಲ, ನೇರವಾಗೇ ಹೇಳುತ್ತೇನೆ. ಬ್ರಿಟನ್‌ನ 1981ರ ವನ್ಯಜೀವಿ ಕಾಯ್ದೆಯಲ್ಲಿ ಚಫ್ ಮೊದಲ ಶೆಡ್ಯೂಲ್‌ನ, ಅಂದರೆ ವಿಶೇಷ ರಕ್ಷಣೆಯ ಪಟ್ಟಿಯ ಹಕ್ಕಿ. ಗೂಡು ಕಟ್ಟುವಾಗ, ಗೂಡಿನಲ್ಲಿ ಮೊಟ್ಟೆ ಮರಿ ಇರುವಾಗ ಬೇಕಂತಲೋ ಲೆಕ್ಕಿಸದೆಯೋ ತೊಂದರೆ ಕೊಟ್ಟರೆ ಅಪರಾಧ. ಇಂಗ್ಲೆಂಡಿನಲ್ಲಿ ದಂಡಕ್ಕೆ ಮಿತಿಯೇ ಇಲ್ಲ, ಆರು ತಿಂಗಳವರೆಗೆ ಜೈಲೂ ಆಗಬಹುದು. ‘ಗೊತ್ತಿರಲಿಲ್ಲ’ ಅಂತ ಹೇಳುವ ದಾರಿಯೂ ನಿಮಗೀಗ ಇಲ್ಲ, ನಾನೇ ಹೇಳಿಬಿಟ್ಟೆನಲ್ಲ! ಜೊತೆಗೆ ಲಿಜರ್ಡ್ ಪಾಯಿಂಟ್ ಪಾರಂಪರಿಕ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಜಾಗ. ಅಲ್ಲಿ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಕಾನೂನು ಪಕ್ಕಕ್ಕಿಡಿ. ಗೂಡಿನ ಒಳಗೆ ಏನಾಗುತ್ತಿರುತ್ತದೆ ನೋಡಿ. ನೀವು ಕಂಡ ಉಣ್ಣೆ ಮೊಟ್ಟೆಗೆ ಹಾಸಿಗೆ. ಹೊರಗೆ ಕಡ್ಡಿ, ಒಳಗೆ ದಪ್ಪ ಉಣ್ಣೆ. ಏಪ್ರಿಲ್‌ನಲ್ಲಿ ಮೂರರಿಂದ ಐದು ಮೊಟ್ಟೆ. ಕಾವು ಕೊಡುವವಳು ಹೆಣ್ಣು, 17-18 ದಿನ. ಅಷ್ಟು ದಿನವೂ ಗಂಡು ಅವಳಿಗೆ ಊಟ ತಂದುಕೊಡುತ್ತದೆ. ಮೇ ಮೊದಲ ಭಾಗದಲ್ಲಿ ಮರಿ ಹೊರಬಂದರೆ ಐದಾರು ವಾರ ಗೂಡಿನಲ್ಲೇ ಇರುತ್ತವೆ. ಅಂದರೆ ನೀವು ಹೋಗುವ ಮೇ ಕೊನೆಯಲ್ಲಿ ಮರಿಗಳು ಕತ್ತಲ ಬಿರುಕಿನೊಳಗೆ ಇರುತ್ತವೆ, ಹೊರಗೆ ಕಾಣುವುದಿಲ್ಲ. ಡ್ರೋನ್ ಬಿಟ್ಟರೂ ಕಾಣುವುದು ಕತ್ತಲೆಯೇ. ಆ ಸದ್ದಿಗೆ ತಾಯ್ತಂದೆ ಒಳಗೆ ಬರಲು ಹೆದರುತ್ತವೆ, ಮರಿಗಳು ಹಸಿದಿರುತ್ತವೆ. ರೇವನ್ ಅಂಥ ಸಮಯ ನೋಡುತ್ತಿರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹಾರಲು ಬಾರದ ದೊಡ್ಡ ಮರಿ ಬೆದರಿ ಹೊರಗೆ ಜಿಗಿಯುವುದು. ಕೆಳಗೆ ಸಮುದ್ರ.

ಫೋನಿನಲ್ಲಿ ಚಫ್ ಕೂಗು ಹಾಕಿ ಕರೆಯುವ ಉಪಾಯವನ್ನೂ ಯಾರಾದರೂ ಹೇಳಿಕೊಡುತ್ತಾರೆ. ಅದೂ ಬೇಡ. ಬೇರೆ ಜೋಡಿ ಬಂತು ಅಂತ ಅವು ಊಟ ಬಿಟ್ಟು ಜಗಳಕ್ಕೆ ಹಾರಿಬರುತ್ತವೆ.

ಟಿಕೆಟ್ ಬದಲಾಯಿಸಲು ಆಗುವುದಾದರೆ ಮೇ ಬಿಟ್ಟು ಜೂನ್ ಕೊನೆಗೆ ಹೋಗಿ. ಆಗ ಮರಿಗಳು ತಾವೇ ಹೊರಗೆ ಬಂದಿರುತ್ತವೆ. ಇಡೀ ಸಂಸಾರ ಹುಲ್ಲಿನ ಮೇಲೆ ಸಾಲಾಗಿ ಮೇಯುತ್ತಿರುತ್ತದೆ, ಮರಿಗಳ ರಂಪವೂ ಕೇಳುತ್ತದೆ. ಮೇ ತಿಂಗಳೇ ಗಟ್ಟಿ ಅನ್ನುವುದಾದರೆ ಕಾಲುದಾರಿ ಬಿಟ್ಟು ಕೆಳಗೆ ಇಳಿಯದೆ, ದೂರದಲ್ಲಿ ಕೂತು ನೋಡಿ. ಎಷ್ಟು ದೂರ ಅಂತ ಮೀಟರ್ ಲೆಕ್ಕ ಕೇಳುತ್ತಾರೆ ಜನ. ಹಕ್ಕಿಯೇ ಹೇಳುತ್ತದೆ. ಜೋಡಿ ನೇರವಾಗಿ ಬಂದು ಬಿರುಕಿನೊಳಗೆ ಹೋದರೆ ನೀವು ಕೂತ ಜಾಗ ಸರಿ. ಬಂಡೆಯ ಮೇಲೆ ಸುತ್ತುತ್ತ, ಜೋರಾಗಿ ಕೂಗುತ್ತ, ಇಳಿದು ಮತ್ತೆ ಹಾರುತ್ತಿದ್ದರೆ ನೀವು ದಾರಿಗೆ ಅಡ್ಡ ಇದ್ದೀರಿ. ಎದ್ದು ಹಿಂದಕ್ಕೆ ಹೋಗಿ, ಕೂಗು ನಿಲ್ಲುವವರೆಗೂ.

ಹತ್ತಿರದಿಂದ ನೋಡುವ ಆಸೆ ಇದ್ದರೆ ಗೂಡಿನ ಕಡೆ ಹೋಗುವುದೇ ಬೇಡ. ದನ ಮೇಯುವ ಹುಲ್ಲಿನ ಪಕ್ಕ ಗೋಡೆಗೆ ಒರಗಿ ಸದ್ದಿಲ್ಲದೆ ಅರ್ಧ ಗಂಟೆ ಕೂರಿ. ಹಳೆಯ ಸಗಣಿ ಇರುವ ಜಾಗವಾದರೆ ಇನ್ನೂ ಒಳ್ಳೆಯದು. ಒಣಗಿದ ಸಗಣಿಯನ್ನು ಮಗುಚಿ ಕೆಳಗಿನ ಜೀರುಂಡೆ ಹೆಕ್ಕುವುದು ಚಫ್‌ಗೆ ಬಲು ಇಷ್ಟ. ದನಗಳಿಗೆ ಜಂತುಹುಳದ ಕೆಲವು ಔಷಧ ಕೊಟ್ಟರೆ ಸಗಣಿಯಲ್ಲಿ ಆ ಜೀರುಂಡೆಗಳೇ ಬದುಕುವುದಿಲ್ಲ. ಅದಕ್ಕೇ ಚಫ್ ಇರುವ ಕಡೆ ರೈತರ ಜೊತೆ ಆ ಮಾತುಕತೆಯೂ ನಡೆಯುತ್ತಿರುತ್ತದೆ. ಮೊಮ್ಮಗಳಿಗೆ ಸಗಣಿ ಕಾಯುವ ಕೆಲಸ ಕೊಡಿ. ಆ ವಯಸ್ಸಿನವರು ಅದನ್ನು ನಮಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಒಂದು ಕೋರಿಕೆ. ಎರಡನೇ ಫೋಟೊದ ಹಕ್ಕಿಯ ಬಲಗಾಲಿನ ಬಳೆಗಳು ಚೆನ್ನಾಗಿ ಬಂದಿವೆ, ಎಡಗಾಲು ಹುಲ್ಲಿನಲ್ಲಿ ಮುಚ್ಚಿಹೋಗಿದೆ. ಅದೇ ಹೊತ್ತಿನಲ್ಲಿ ತೆಗೆದ ಬೇರೆ ಫೋಟೊ ಮಗನ ಫೋನಿನಲ್ಲಿ ಇದ್ದರೆ, ಎಷ್ಟೇ ಮಸುಕಾಗಿದ್ದರೂ ಸರಿ, ಅಳಿಸಬೇಡಿ. ಎಡಗಾಲು ಕಾಣುವ ಒಂದು ಸಿಕ್ಕರೂ ಅದು ಯಾವ ವರ್ಷದ, ಯಾವ ಗೂಡಿನ ಮರಿ ಅಂತ ಅಲ್ಲಿನ ತಂಡದವರು ಹೇಳಿಬಿಡಬಹುದು.